ಮೈಸೂರು ಸಿಲ್ಕ್ ಸೀರೆಗೆ ಮೈತುಂಬಾ ಒಂದೇ ಬಣ್ಣ ಯಾಕೆ?

ಇವತ್ತಿನ ಸಂಚಿಕೆ ಶುರುವಾಗೋದು ನಾನೇ ಮಾಡಿದ ಒಂದು ತಪ್ಪಿನಿಂದ.

ಹೋದ ವರ್ಷ ತಂಗಿ ಮದುವೆಗೆ ಅಜ್ಜಿಯ ಹಳೇ ಮೈಸೂರು ಸಿಲ್ಕ್ ಸೀರೆ ಉಟ್ಟಿದ್ದೆ. ಕಡು ಹಸಿರು ಮೈ, ಎರಡು ಬೆರಳಗಲದ ಜರಿ ಅಂಚು, ಅಷ್ಟೆ. ಬುಟ್ಟಾ ಇಲ್ಲ, ನವಿಲಿಲ್ಲ, ಆನೆ ಇಲ್ಲ. ಫೋಟೊ ಚೆನ್ನಾಗಿ ಬಂತು. ಇನ್‌ಸ್ಟಾಗ್ರಾಂಗೆ ಹಾಕಿ ಕೆಳಗೆ ಬರೆದೆ: 'ಅಜ್ಜಿಯ ಕೈಮಗ್ಗದ ಸೀರೆ. ನೇಕಾರರ ಕೈಗಳಿಗೆ ನಮನ.' ಲೈಕ್‌ಗಳೂ ಬಂದವು. ಸಂಜೆ ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆನ ಒಂದು ಕಡೆಗೆ ತಳ್ಳಿ, "ಅಯ್ಯೋ ಕೂಸೇ, ಇದು ಕೈಮಗ್ಗದ್ದಲ್ಲ ಕಣೆ. ಮೈಸೂರು ಫ್ಯಾಕ್ಟ್ರಿದು. ಮಿಷನ್ನಲ್ಲಿ ನೇಯ್ದಿದ್ದು" ಅಂದ್ರು.

ಹಾಗಂದಾಗ ಅಜ್ಜಿ ಮುಖದಲ್ಲಿ ಬೇಸರ ಇರಲಿಲ್ಲ. ಹೆಮ್ಮೆನೇ ಇತ್ತು. ನನಗೆ ಮಾತ್ರ ಏನೋ ಕಳ್ಕೊಂಡ ಹಾಗಾಯ್ತು. ಕೈಯಲ್ಲಿ ಮಾಡಿದ್ದು ಅಂದ್ರೆ ಅಸಲಿ, ಮಿಷನ್ ಅಂದ್ರೆ ಒಂದು ಮೆಟ್ಟಿಲು ಕೆಳಗೆ. ಈ ಲೆಕ್ಕ ನಮ್ಮ ವಯಸ್ಸಿನವರ ತಲೇಲಿ ಕೂತುಬಿಟ್ಟಿದೆ, ಅಲ್ವಾ? ಪೋಸ್ಟ್ ಡಿಲೀಟ್ ಮಾಡೋಕೆ ಮನಸ್ಸಾಗಲಿಲ್ಲ. ಅದರ ಬದಲು ಈ ಬಟ್ಟೆ ನಿಜವಾಗಿ ಹೇಗೆ ತಯಾರಾಗುತ್ತೆ ಅಂತ ಓದೋಕೆ, ಕೇಳೋಕೆ ಶುರು ಮಾಡಿದೆ. ಆಗ ಗೊತ್ತಾಗಿದ್ದು ಏನಂದ್ರೆ, ಮೈಸೂರು ಸಿಲ್ಕ್‌ನಲ್ಲಿ ಮನುಷ್ಯರ ಕೈ ಹೆಚ್ಚಾಗಿ ಕೆಲಸ ಮಾಡಿರೋದು ಮಗ್ಗದ ಹತ್ತಿರ ಅಲ್ಲ, ಅದಕ್ಕಿಂತ ಬಹಳ ಮುಂಚೆ. ಇನ್ನು ಆ ಸೀರೆಯ ಸರಳತೆ ಇದೆಯಲ್ಲ, ಮೈತುಂಬಾ ಒಂದೇ ಬಣ್ಣ, ಸಣ್ಣ ಅಂಚು, ಅದನ್ನ ನಾನು ಅರಮನೆಯವರ ಅಭಿರುಚಿ ಅಂದ್ಕೊಂಡಿದ್ದೆ. ಅದರ ಹಿಂದೆ ಅಭಿರುಚಿಗಿಂತ ದೊಡ್ಡ ಕಾರಣ ಒಂದಿದೆ. ಆ ಕಾರಣ ಹುಳುವಿನ ಬಾಯಿಂದ ಬರೋ ಅಂಟು.

ಹಾಗಾಗಿ ಹುಳುವಿನಿಂದಲೇ ಶುರು ಮಾಡೋಣ.

ನಮ್ಮ ಅಜ್ಜಿ ಕನಕಪುರದ ಕಡೆಯ ಹಳ್ಳಿಯವರು. ಮದುವೆಯಾಗಿ ಬಂದ ಮನೆಯಲ್ಲೂ ರೇಷ್ಮೆ, ತವರಲ್ಲೂ ರೇಷ್ಮೆ. ಆ ಕಡೆ 'ನೂರು ಮೊಟ್ಟೆ ತಂದ್ವಿ' ಅಂದ್ರೆ ನೂರು ಹುಳು ಅಂತ ಅರ್ಥ ಅಲ್ಲ. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಒಂದು ಇಡೀ ಗುಂಪಿಗೆ ಅಲ್ಲಿ 'ಒಂದು ಮೊಟ್ಟೆ' ಅಂತಾರೆ. ಒಂದು ಗುಂಪಿನಲ್ಲಿ 400ಕ್ಕೂ ಹೆಚ್ಚು ಹುಳು. ಅಂದ್ರೆ ನೂರು ಮೊಟ್ಟೆ ತಂದ ಮನೆಗೆ 40 ಸಾವಿರ ಅತಿಥಿಗಳು ಬಂದ ಹಾಗೆ. ಶುರುವಲ್ಲಿ ಇರುವೆಗಿಂತ ಚಿಕ್ಕವು. ಸುಮಾರು 25 ದಿನದಲ್ಲಿ ಬೆರಳುದ್ದ ಆಗ್ತವೆ. ನಡುವೆ 4 ಸಲ ಪೊರೆ ಬಿಡ್ತವೆ. ಆಗ ಅವು ಸೊಪ್ಪು ತಿನ್ನದೆ ತಲೆ ಎತ್ತಿ ಸುಮ್ಮನೆ ಕೂತಿರ್ತವೆ. ಅದಕ್ಕೆ ರೈತರು ಇಟ್ಟ ಹೆಸರು 'ಜ್ವರ'. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಕೊನೇ ವಾರ ತಿನ್ನೋದಿದೆಯಲ್ಲ, ಒಂದು ಬೆಳೆಗೆ ಬೇಕಾದ ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ 80 ಭಾಗ ಆ ಒಂದು ವಾರದಲ್ಲೇ ಖಾಲಿ. ರಾತ್ರಿ ಹೊತ್ತು ಮನೆಯೊಳಗೆ ಸೋನೆ ಮಳೆ ಹೊಯ್ದ ಹಾಗೆ ಸದ್ದು.

ಅಜ್ಜಿ ಹೇಳೋ ಪ್ರಕಾರ ಆ ವಾರ ಮನೆ ಹುಳುವಿನದು, ಮನುಷ್ಯರದ್ದಲ್ಲ. ನಡುಮನೆ ಪೂರ್ತಿ ತಟ್ಟೆಗಳು. ಮಕ್ಕಳು ಮರಿ ಎಲ್ಲ ಜಗಲಿ ಮೇಲೆ ಮಲಗಬೇಕು. ಒಗ್ಗರಣೆ ಘಾಟು ಹುಳುಗೆ ತಗಲಬಾರದು, ಊದುಬತ್ತಿ ಹಚ್ಚಬಾರದು. ಹುಳು 'ಹಣ್ಣಾದಾಗ', ಅಂದ್ರೆ ಮೈ ಅರೆಪಾರದರ್ಶಕ ಆದಾಗ, ಒಂದೊಂದನ್ನೇ ಕೈಯಲ್ಲಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದ್ರೆ ಬಿದಿರಿನ ಚಾಪೆ ಮೇಲೆ ಸುರುಳಿ ಸುರುಳಿಯಾಗಿ ಬಿದಿರ ಪಟ್ಟಿ ಕಟ್ಟಿದ ತಟ್ಟೆ. ಆರಿಸೋದು ಒಂದು ಹೊತ್ತು ತಡವಾದ್ರೆ ಹುಳು ಸೊಪ್ಪಿನಲ್ಲೇ ನೂಲು ಬಿಡೋಕೆ ಶುರು ಮಾಡಿ ಗೂಡು ಕೆಡುತ್ತೆ. 40 ಸಾವಿರ ಹುಳು, ಒಂದೊಂದಾಗಿ, ಕೈಯಲ್ಲಿ. ನಾನು ಇನ್‌ಸ್ಟಾಗ್ರಾಂನಲ್ಲಿ ನಮನ ಹೇಳಬೇಕಾಗಿದ್ದ ಕೈಗಳ ಪೈಕಿ ಒಂದು ಜೊತೆ ನಮ್ಮ ಮನೆಯಲ್ಲೇ, ನನ್ನೆದುರೇ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿತ್ತು.

ಚಂದ್ರಿಕೆ ಮೇಲೆ ಹುಳು ಎರಡು ಮೂರು ದಿನ ತಲೆಯನ್ನ ಇಂಗ್ಲಿಷಿನ ಎಂಟರ ಅಂಕಿ ಥರ ಆಡಿಸ್ತಾ ತನ್ನ ಸುತ್ತ ಗೂಡು ಕಟ್ಟುತ್ತೆ. ಇಡೀ ಗೂಡು ಒಂದೇ ಎಳೆ. ತಳಿ ಮೇಲೆ ಅದರ ಉದ್ದ ಬದಲಾಗುತ್ತೆ. ಒಳ್ಳೆ ಬೈವೋಲ್ಟೈನ್ ಗೂಡಿನಲ್ಲಿ 1000 ಮೀಟರ್ ಆಸುಪಾಸು, ಅಂದ್ರೆ ಒಂದು ಕಿಲೋಮೀಟರ್! ಆ ಎಳೆಯನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಒಳಗೆ ಎರಡು ರೇಷ್ಮೆ ತಂತು, ಅವೆರಡನ್ನೂ ಸೇರಿಸಿ ಮೇಲೆ ಬಳಿದ ಅಂಟು. ಒಳಗಿನದು ಫೈಬ್ರಾಯಿನ್, ಅದೇ ಹೊಳೆಯೋ ರೇಷ್ಮೆ. ಹೊರಗಿನ ಅಂಟು ಸೆರಿಸಿನ್. ತೂಕದಲ್ಲಿ ಸುಮಾರು ಕಾಲು ಭಾಗ ಈ ಅಂಟೇ ಇರುತ್ತೆ. ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಇದಕ್ಕೆ ವಾಪಸ್ ಬರ್ತೀನಿ.

ಈ ಹುಳು ನಮ್ಮೂರಿಗೆ ಬಂದಿದ್ದು ಹೇಗೆ? ಶಾಲೆ ಪಾಠದಲ್ಲಿ 'ಟಿಪ್ಪು ರೇಷ್ಮೆ ಕೃಷಿಗೆ ಪ್ರೋತ್ಸಾಹ ಕೊಟ್ಟ' ಅಂತ ಒಂದು ಸಾಲು ಓದಿರ್ತೀರಿ. ಆ ಸಾಲಿನ ಹಿಂದೆ ಒಂದು ಕಾಗದ ಇದೆ. 1786ರಲ್ಲಿ ಟಿಪ್ಪು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದದ್ದು. ರೇಷ್ಮೆ ಹುಳು ತರೋಕೆ ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಅನ್ನೋ ಇಬ್ಬರು ವಾಪಸ್ ಬರ್ತಿದ್ದಾರೆ, ಹುಳುಗಳನ್ನ ಎಂಥ ಜಾಗದಲ್ಲಿ ಇಡಬೇಕು ಅಂತ ಅವರನ್ನೇ ಕೇಳಿ ವ್ಯವಸ್ಥೆ ಮಾಡಿ ಅನ್ನೋದು ಅದರ ತಾತ್ಪರ್ಯ. ರಾಜ್ಯದ 21 ಕಡೆ ಹುಳು ಸಾಕೋ ಯೋಜನೆಯೂ ಆ ಕಾಲದ ಪತ್ರಗಳಲ್ಲಿ ಬರುತ್ತೆ. ಟಿಪ್ಪು ಸತ್ತ ಮೇಲೆ ಕರ್ಕ್‌ಪ್ಯಾಟ್ರಿಕ್ ಅನ್ನೋ ಬ್ರಿಟಿಷ್ ಅಧಿಕಾರಿ ಈ ಪತ್ರಗಳನ್ನ ಅನುವಾದಿಸಿ 1811ರಲ್ಲಿ ಪ್ರಕಟಿಸಿದ. ಇಲ್ಲದಿದ್ರೆ ಆ ಇಬ್ಬರ ಹೆಸರು ನಮಗೆ ಗೊತ್ತೇ ಆಗ್ತಿರಲಿಲ್ಲ. ನನಗೆ ಸುಲ್ತಾನನಿಗಿಂತ ಇವರೇ ಹೆಚ್ಚು ಕಾಡ್ತಾರೆ. ರೈಲಿಲ್ಲ, ಫ್ರಿಜ್ ಇಲ್ಲ. ದಾರಿಯಲ್ಲಿ ಬಿಸಿಲಿಗೆ ಮೊಟ್ಟೆ ಒಡೆದು ಹುಳು ಹೊರಬಂದ್ರೆ ಸೊಪ್ಪಿಗೆ ಎಲ್ಲಿಗೆ ಹೋಗಬೇಕು? ಅಂಥ ಸರಕನ್ನ ಹಿಡ್ಕೊಂಡು ಬಂಗಾಳದಿಂದ ಶ್ರೀರಂಗಪಟ್ಟಣದವರೆಗೆ.

ಆಮೇಲಿನ ನೂರು ವರ್ಷ ಏಳುಬೀಳಿನದು. 1860ರ ದಶಕದಲ್ಲಿ ಹುಳುಗಳಿಗೆ ರೋಗ ಬಂದು ಉದ್ಯಮವೇ ಮುಳುಗೋ ಹಂತಕ್ಕೆ ಹೋಯ್ತು. ಡಿ ವೆಚ್ಚಿ ಅನ್ನೋ ಇಟಲಿಯವರು ಜಪಾನಿನಿಂದ ಮೊಟ್ಟೆ ತರಿಸಿ ನೋಡಿದ್ರು. ಆ ಶತಮಾನದ ಕೊನೆಗೆ ಜಮ್‌ಷೆಡ್‌ಜಿ ಟಾಟಾ ಜಪಾನೀ ತಜ್ಞರನ್ನ ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮ್ ಮಾಡಿದ್ರು. ಬಸವನಗುಡಿ, ಜಯನಗರದ ಕಡೆ ಓಡಾಡೋರಿಗೆ 'ಟಾಟಾ ಸಿಲ್ಕ್ ಫಾರ್ಮ್' ಅನ್ನೋ ಹೆಸರು ಗೊತ್ತಿರುತ್ತೆ. ಫಾರ್ಮ್ ಹೋಯ್ತು, ಹೆಸರು ಉಳೀತು.

ಈಗ ಗೂಡಿನಿಂದ ನೂಲು. ನೇಯ್ಗೆ ಅಂದ ತಕ್ಷಣ ನಾವು ಮಗ್ಗಕ್ಕೆ ಓಡ್ತೀವಿ. ಆದ್ರೆ ಗೂಡಿಗೂ ಮಗ್ಗಕ್ಕೂ ನಡುವೆ ಒಂದು ಬಿಸಿನೀರಿನ ಬೇಸಿನ್ ಇದೆ, ಅಲ್ಲಿ ಸ್ವಲ್ಪ ನಿಲ್ಲಲೇಬೇಕು.

ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಹೊರಬಂದ್ರೆ ಗೂಡಿಗೆ ತೂತು ಬಿದ್ದು ಎಳೆ ತುಂಡಾಗುತ್ತೆ. ಹಾಗಾಗಿ ಅದಕ್ಕೆ ಮುಂಚೆಯೇ ಬಿಸಿಗಾಳಿ ಅಥವಾ ಹಬೆಯಲ್ಲಿ ಅದನ್ನ ಸಾಯಿಸ್ತಾರೆ. ಇದನ್ನ ಮೃದು ಮಾಡಿ ಹೇಳೋಕೆ ನನಗೆ ಬರಲ್ಲ. ಒಂದು ಕೆಜಿ ಹಸಿ ಗೂಡು ಅಂದ್ರೆ 500ರಿಂದ 600 ಗೂಡು. ಒಂದು ಕೆಜಿ ಕಚ್ಚಾ ರೇಷ್ಮೆಗೆ 6ರಿಂದ 8 ಕೆಜಿ ಗೂಡು ಬೇಕು. ಅರ್ಧ ಕೆಜಿ ನೂಲಿನ ಒಂದು ಸೀರೆ ಅಂತ ಇಟ್ಕೊಂಡ್ರೂ 2000 ಗೂಡಿನ ಲೆಕ್ಕ. ಮಡಿ ಬಟ್ಟೆ ಅಂತ ದೇವರ ಪೂಜೆಗೆ ನಾವು ಉಡೋದು ಇದನ್ನೇ ಅನ್ನೋದು ವಿಚಿತ್ರ. ಒಂದು ಸಲ ಅಜ್ಜಿನ ಈ ಬಗ್ಗೆ ಕೇಳಿದ್ದೆ. "ಬೆಳೆ ಕೈಗೆ ಬಂದ ದಿವಸ ನಾವು ಹುಳುಗೆ ಕೈ ಮುಗಿತಿದ್ವಿ" ಅಂದ್ರು, ಅದಕ್ಕಿಂತ ಹೆಚ್ಚು ಮಾತು ಬೆಳೆಸಲಿಲ್ಲ.

ಗೂಡನ್ನ ಕುದಿಯೋ ನೀರಲ್ಲಿ ಬೇಯಿಸಿದ್ರೆ ಅಂಟು ಸಡಿಲ ಆಗುತ್ತೆ. ಪೂರ್ತಿ ಹೋಗಬಾರದು, ಸಡಿಲ ಆಗಬೇಕು. ಆಗ ಗೂಡಿನ ಎಳೆಯ ತುದಿ ಹುಡುಕಿ, 8-10 ಗೂಡುಗಳ ಎಳೆಗಳನ್ನ ಒಟ್ಟಿಗೆ ಮೇಲಕ್ಕೆ ಎಳೀತಾರೆ. ತಣ್ಣಗಾಗ್ತಾ ಅದೇ ಅಂಟು ಅವನ್ನೆಲ್ಲ ಬೆಸೆದು ಒಂದು ನೂಲು ಮಾಡುತ್ತೆ. ಒಂದು ಗೂಡು ಮುಗಿದ ತಕ್ಷಣ ಇನ್ನೊಂದರ ತುದಿ ಅಲ್ಲಿಗೆ ತಾಗಿಸಬೇಕು. ತಡವಾದ್ರೆ ನೂಲು ಅಲ್ಲಿ ಸಣ್ಣ, ಅವಸರ ಮಾಡಿದ್ರೆ ಅಲ್ಲಿ ದಪ್ಪ. ಚರಕ ಇರಲಿ, ಕಾಟೇಜ್ ಬೇಸಿನ್ ಇರಲಿ, ಈ ಕೆಲಸ ಮಾಡೋದು ಬೆರಳುಗಳು. ರಾಮನಗರ, ಶಿಡ್ಲಘಟ್ಟದ ಬೀದಿಗಳಲ್ಲಿ ಹೋದ್ರೆ ಕುದ್ದ ಗೂಡಿನ ವಾಸನೆ ಮೂಗಿಗೆ ಹೊಡೆಯುತ್ತೆ. ಸಾಕೋರು ಹಳ್ಳಿಯ ರೈತರು, ಬಿಚ್ಚೋರು ಈ ಊರುಗಳ ರೀಲರ್‌ಗಳು, ಅದರಲ್ಲಿ ಬಹಳಷ್ಟು ಮುಸ್ಲಿಂ ಕುಟುಂಬಗಳು. ದಿನವಿಡೀ ಬಿಸಿನೀರಿನಲ್ಲಿದ್ದ ಬೆರಳುಗಳ ಚರ್ಮ ಬೆಳ್ಳಗೆ ಬಿರಿದಿರುತ್ತೆ. ಒಮ್ಮೆ ರಾಮನಗರದಲ್ಲಿ ಒಬ್ಬ ಹೆಂಗಸು ನನಗೆ ಟೀ ಲೋಟ ಕೊಟ್ಟಾಗ ಅಷ್ಟು ಸುಡೋ ಲೋಟಾನ ಕೈ ಬದಲಿಸದೆ ಹಿಡ್ಕೊಂಡಿದ್ರು. ಸುಡಲ್ವಾ ಅಂತ ಕೇಳೋಕೆ ಹೋಗಿ ಸುಮ್ಮನಾದೆ.

ಸರಿ, ಇನ್ನು ಫ್ಯಾಕ್ಟರಿ. ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಗಿದ್ದು 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ. ಮಗ್ಗಗಳು ಬಂದಿದ್ದು ಸ್ವಿಟ್ಜರ್ಲೆಂಡ್‌ನಿಂದ. ಇದರ ಬಗ್ಗೆ ಇಂಟರ್ನೆಟ್ ತುಂಬಾ ಓಡಾಡೋ ಒಂದು ಕಥೆ ಇದೆ. ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವಕ್ಕೆ ಲಂಡನ್‌ಗೆ ಹೋದ ಮಹಾರಾಜರು ಅಲ್ಲಿನ ರಾಜಮನೆತನದವರ ಮೈಮೇಲೆ ಮಿಷನ್‌ನಲ್ಲಿ ನೇಯ್ದ ರೇಷ್ಮೆ ನೋಡಿ ಮರುಳಾಗಿ ಮಗ್ಗ ತರಿಸಿದ್ರು ಅಂತ. ಕೇಳೋಕೆ ಚೆನ್ನಾಗಿದೆ. ಆದ್ರೆ ಆ ಮಹೋತ್ಸವ ನಡೆದಿದ್ದು 1887ರಲ್ಲಿ. ನಾಲ್ವಡಿಯವರು ಹುಟ್ಟಿದ್ದು 1884ರ ಜೂನ್‌ನಲ್ಲಿ. ಮೂರು ವರ್ಷದ ಮಗು ಬಟ್ಟೆಯ ನೇಯ್ಗೆ ನೋಡಿ ಕಾರ್ಖಾನೆಯ ಕನಸು ಕಾಣೋದು, ನೀವೇ ಹೇಳಿ. ಈ ಕಥೆ ಶೇರ್ ಮಾಡೋ ಮುಂಚೆ ಎರಡು ಇಸವಿ ಕಳೆದು ನೋಡೋಕೆ ಯಾರಿಗೂ ಪುರುಸೊತ್ತಾಗಿಲ್ಲ.

ನಿಜವಾದ ಹಿನ್ನೆಲೆಗೆ ಕಥೆಯ ಸಹಾಯ ಬೇಕಾಗಿಲ್ಲ. ಸಂಸ್ಥಾನದಲ್ಲಿ ರೇಷ್ಮೆ ಬೆಳೆ ಇತ್ತು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಗಣಿಗೆ, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬಂದಿತ್ತು. ಸರ್ಕಾರವೇ ಕೈಗಾರಿಕೆ ನಡೆಸಬೇಕು ಅನ್ನೋ ಹುಮ್ಮಸ್ಸಿನ ಕಾಲ ಅದು. ಸಾಬೂನು, ಗಂಧದೆಣ್ಣೆಯ ಕಾರ್ಖಾನೆಗಳೂ ಆ ದಶಕದವೇ. ಶುರುವಲ್ಲಿ ರೇಷ್ಮೆ ಕಾರ್ಖಾನೆ ನೇಯ್ದಿದ್ದು ಅರಮನೆಯವರ ಉಡುಪಿಗೆ, ಸಂಸ್ಥಾನದ ಪಡೆಗಳ ಅಲಂಕಾರದ ಬಟ್ಟೆಗೆ. ಅಂದ್ರೆ ಮೈಸೂರು ಸಿಲ್ಕ್ ಹುಟ್ಟಿದ್ದೇ ಯಂತ್ರದಲ್ಲಿ. ಕೈಮಗ್ಗದಿಂದ ಮಿಷನ್‌ಗೆ ಇಳಿದದ್ದಲ್ಲ. ಅಜ್ಜಿಯ ಹೆಮ್ಮೆಗೆ ಆಧಾರ ಇತ್ತು.

ಈಗ ಆ ಮಗ್ಗದ ಮೇಲೆ ಏನಾಗುತ್ತೆ ನೋಡೋಣ. ಇದಕ್ಕೆ ಒಂದು ಪ್ರಯೋಗ ಮಾಡಿ. ಇಯರ್‌ಫೋನ್ ವೈರ್ ಇದ್ರೆ ತಗೊಳ್ಳಿ, ಇಲ್ಲಾಂದ್ರೆ ಯಾವುದಾದ್ರೂ ದಾರ. ಎರಡೂ ತುದಿ ಹಿಡಿದು ಒಂದೇ ದಿಕ್ಕಿಗೆ ಹುರಿ ಹಾಕ್ತಾ ಹೋಗಿ. ಎಳೆದು ಹಿಡಿದಿರೋ ತನಕ ಸುಮ್ಮನಿರುತ್ತೆ. ಕೈ ಸ್ವಲ್ಪ ಹತ್ತಿರ ತಂದ ಕೂಡಲೇ ನಡುವೆ ಮುದುರಿ, ಗಂಟು ಗಂಟಾಗಿ ಎದ್ದು ನಿಲ್ಲುತ್ತೆ, ಅಲ್ವಾ? ಹುರಿಗೆ ವಾಪಸ್ ಬಿಚ್ಚಿಕೊಳ್ಳೋ ಆಸೆ. ಕ್ರೇಪ್ ಅನ್ನೋ ಬಟ್ಟೆಯ ಗುಟ್ಟು ಪೂರ್ತಿ ಇಷ್ಟೆ. ಮೈಸೂರು ಸಿಲ್ಕ್ ಅಂದ್ರೆ ಮುಖ್ಯವಾಗಿ ಕ್ರೇಪ್.

'ಹಾಸುಹೊಕ್ಕು' ಅಂತ ನಾವು ಮಾತಲ್ಲಿ ಬಳಸ್ತೀವಲ್ಲ, ಆ ಪದ ಮಗ್ಗದಿಂದಲೇ ಬಂದದ್ದು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ಕಟ್ಟಿದ ಸಾವಿರಾರು ಎಳೆ ಹಾಸು. ಲಾಳಿಯೊಳಗೆ ಕೂತು ಅಡ್ಡಡ್ಡಕ್ಕೆ ಓಡಾಡೋ ಎಳೆ ಹೊಕ್ಕು. ಕ್ರೇಪ್ ಡಿ ಶೀನ್ ಅನ್ನೋ ಬಗೆಯಲ್ಲಿ ಹಾಸಿನ ನೂಲಿಗೆ ಹುರಿ ಇಲ್ಲ ಅನ್ನೋವಷ್ಟು ಕಡಿಮೆ. ಹೊಕ್ಕಿನ ನೂಲಿಗೆ ಮಾತ್ರ ಮೀಟರ್‌ಗೆ 2000ಕ್ಕೂ ಹೆಚ್ಚು ಸುತ್ತು ಹುರಿ. ಅದರಲ್ಲೂ ಅರ್ಧ ನೂಲಿಗೆ ಎಡಕ್ಕೆ ಹುರಿ, ಅರ್ಧಕ್ಕೆ ಬಲಕ್ಕೆ. ಹುರಿ ಹಾಕಿದ ನೂಲು ಅಲ್ಲೇ ಮುದುರದಿರಲಿ ಅಂತ ಹಬೆ ಕೊಟ್ಟು ಕೂರಿಸ್ತಾರೆ. ಯಾವುದು ಎಡ, ಯಾವುದು ಬಲ ಅಂತ ಕಣ್ಣಿಗೆ ಗೊತ್ತಾಗಲ್ಲ, ಅದಕ್ಕೇ ತೊಳೆದ್ರೆ ಹೋಗೋ ತೆಳು ಬಣ್ಣ ಹಚ್ಚಿ ಗುರುತು ಮಾಡ್ಕೊಳ್ಳೋದು ವಾಡಿಕೆ. ಮಗ್ಗದಲ್ಲಿ ಎರಡು ಲಾಳಿ. ಒಂದರಲ್ಲಿ ಎಡಹುರಿ, ಇನ್ನೊಂದರಲ್ಲಿ ಬಲಹುರಿ. ಎರಡು ಸಲ ಇದು ಓಡಿದ್ರೆ ಎರಡು ಸಲ ಅದು. ಅಂಚಿನ ಜರಿ ಹಾಸಿನಲ್ಲಿ ಸೇರಿರುತ್ತೆ, ಸೆರಗಿನ ಜರಿಯನ್ನ ಹೊಕ್ಕಾಗಿ ಹೊಡೀತಾರೆ. ಹೀಗೆ ಸಾಗುತ್ತೆ, ಗಡಗಡ ಸದ್ದಿನಲ್ಲಿ. ಮಗ್ಗಗಳ ಸಾಲಿನ ನಡುವೆ ನಿಂತ್ರೆ ಪಕ್ಕದವರ ಮಾತು ಕೇಳಲ್ಲ, ಸನ್ನೆಯೇ ಗತಿ. ಅಲ್ಲಿ ಕೆಲಸಗಾರರ ಕೆಲಸ ಲಾಳಿ ಎಸೆಯೋದಲ್ಲ. ಸಾವಿರಾರು ಎಳೆಗಳಲ್ಲಿ ಒಂದು ತುಂಡಾದ್ರೆ ಕಣ್ಣಲ್ಲೇ ಹಿಡಿದು, ಮಗ್ಗ ನಿಲ್ಲಿಸಿ, ಗಂಟು ಹಾಕೋದು.

ಮಗ್ಗದಿಂದ ಇಳಿದ ಆ ಬಟ್ಟೆ ನೋಡಿದ್ರೆ ನಿಮಗೆ ನಿರಾಸೆ ಆಗುತ್ತೆ. ಹೊಳಪಿಲ್ಲ, ಮೆತ್ತಗಿಲ್ಲ. ಗಂಜಿ ಹಾಕಿದ ಹಾಗೆ ಪೆಡಸು, ಮಾಸಲು ಬಿಳಿ, ಬಟ್ಟರ್ ಪೇಪರ್ ನೆನಪಾಗುತ್ತೆ. ಯಾಕಂದ್ರೆ ಹುಳುವಿನ ಅಂಟು ಇನ್ನೂ ಅದರಲ್ಲೇ ಇದೆ. ಬೇಕು ಅಂತಲೇ ಉಳಿಸ್ಕೊಂಡಿದ್ದು. ಅಷ್ಟು ಹುರಿ ಹಾಕಿದ ನೂಲು ಮಗ್ಗದ ಎಳೆದಾಟ ತಡ್ಕೊಂಡಿರೋದೇ ಆ ಅಂಟಿನ ಬಲದಿಂದ.

ಈಗ ಈ ಪೆಡಸು ಬಟ್ಟೆಯನ್ನ ಸೋಪು, ಸೋಡಾ ಹಾಕಿದ ಬಿಸಿನೀರಿನಲ್ಲಿ ಬೇಯಿಸ್ತಾರೆ. ಅಂಟು ಕರಗಿ ಹೋಗುತ್ತೆ. ಅದನ್ನೇ ಕಾಯ್ತಿದ್ದ ಹಾಗೆ ಹುರಿ ಎದ್ದೇಳುತ್ತೆ. ಎಡಹುರಿ ಒಂದು ಕಡೆ ತಿರುಗಿ ಬಿಚ್ಚಿಕೊಳ್ಳೋಕೆ ನೋಡುತ್ತೆ, ಬಲಹುರಿ ಇನ್ನೊಂದು ಕಡೆ. ಹಾಸಿನ ಎಳೆಗಳು ಇಬ್ಬರನ್ನೂ ಬಿಡಲ್ಲ. ಆ ಎಳೆದಾಟದಲ್ಲಿ ಬಟ್ಟೆ ಅಡ್ಡಕ್ಕೆ ಕುಗ್ಗುತ್ತೆ, ಮೇಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಸುಕ್ಕು. ತೂಕ ಸುಮಾರು ಕಾಲು ಭಾಗ ಇಳಿಯುತ್ತೆ. ಹೊರಗೆ ಬಂದ ಬಟ್ಟೆಗೆ ಆ ಮೆತ್ತನೆ ಭಾರ, ಆ ನೀರಿನಂಥ ಇಳಿತ. ನೆರಿಗೆ ಹಿಡಿದ್ರೆ ಹಿಡಿದ ಹಾಗೆ ಬೀಳುತ್ತೆ ಅಂತ ನಮ್ಮಮ್ಮ ಹೊಗಳೋದು ಇದನ್ನೇ.

ಈಗ ಬಣ್ಣದ ಪ್ರಶ್ನೆಗೆ ಉತ್ತರ ನೀವೇ ಹೇಳ್ತೀರಿ. ನೂಲಿಗೆ ಮೊದಲೇ ಬಣ್ಣ ಹಾಕಬೇಕು ಅಂದ್ರೆ ಮೊದಲೇ ಅಂಟು ತೆಗೀಬೇಕು. ಅಂಟು ತೆಗೆದ್ರೆ ಈ ಬಗೆಯ ಹುರಿ ನೂಲನ್ನ ಮಗ್ಗದ ಮೇಲೆ ಸಂಭಾಳಿಸೋದು ಕಷ್ಟ. ನೇಯ್ದ ಮೇಲೆ ಅಂಟು ತೆಗೆದು, ಆಮೇಲೆ ಇಡೀ ಸೀರೆಯನ್ನ ಬಣ್ಣದ ತೊಟ್ಟಿಗೆ ಇಳಿಸಬೇಕು. ಇಡೀ ಸೀರೆ ಒಂದೇ ತೊಟ್ಟಿಗೆ ಇಳಿದ್ರೆ ಬಣ್ಣವೂ ಒಂದೇ. ಲೋಹದ ಜರಿ ಮಾತ್ರ ಬಣ್ಣ ಕುಡಿಯಲ್ಲ, ಹಾಗಾಗಿ ಅಂಚು ಚಿನ್ನದ ಬಣ್ಣದಲ್ಲೇ ಉಳಿಯುತ್ತೆ. ಅರಮನೆಯ ಅಭಿರುಚಿ ಅಂತ ನಾನು ನಂಬಿದ್ದು ಅಂಟು, ಹುರಿ ಮತ್ತೆ ತೊಟ್ಟಿ ಸೇರಿ ತಗೊಂಡ ತೀರ್ಮಾನ.

ಮೊಳಕಾಲ್ಮೂರು ಸೀರೆಯನ್ನೋ ಕಂಚಿ ಸೀರೆಯನ್ನೋ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ನೂಲಿನ ಅಂಟು ತೆಗೆದು, ಬಣ್ಣ ಹಾಕಿ ಆಮೇಲೆ ನೇಯೋದು. ಹಾಗಾಗಿ ಮೈಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ ಸಾಧ್ಯ. ಮೂರು ಲಾಳಿ, ಎರಡಂಚಿಗೆ ಎರಡು, ಮೈಗೆ ಒಂದು. ಪ್ರತಿ ಸಾಲಿನಲ್ಲೂ ಮೈಯ ಎಳೆ ಅಂಚಿನ ಎಳೆಯನ್ನ ಕೊಂಡಿ ಹಾಕಿ ಹಿಡೀಬೇಕು. ಅದು ಕೈಮಗ್ಗದ ಜಾಣ್ಮೆ. ಅದರ ಕಥೆ ಬೇರೆ, ನೇಕಾರರ ಕೂಲಿಯ ಕಥೆ ಇನ್ನೂ ಬೇರೆ. ಮೈಸೂರು ಸಿಲ್ಕ್‌ಗೆ ಆ ಪಟ್ಟ ಅಂಟಿಸೋದು ಆ ನೇಕಾರರಿಗೂ ಮಾಡೋ ಅನ್ಯಾಯ ಅಂತ ಈಗ ಅನ್ಸುತ್ತೆ. ಅಂದ ಹಾಗೆ, ಈಗೀಗ ಮೈಸೂರು ಸಿಲ್ಕ್‌ನಲ್ಲೂ ಪ್ರಿಂಟು, ಎರಡು ಬಣ್ಣ, ಬುಟ್ಟಾ ಎಲ್ಲ ಬಂದಿವೆ. ಆದ್ರೂ ಜನಕ್ಕೆ ಮೈಸೂರು ಸಿಲ್ಕ್ ಅಂದ್ರೆ ಆ ಒಂದೇ ಬಣ್ಣದ್ದೇ ಕಣ್ಮುಂದೆ ಬರೋದು.

ಹುರಿ ಅಂದೆ. ಆ ಮಾತನ್ನ ಹಾಗೇ ದಾಟಿ ಹೋಗೋಕಾಗಲ್ಲ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತದ ಮಕ್ಕಳ ಬಗ್ಗೆ ಒಂದು ವರದಿ ಪ್ರಕಟಿಸಿತು. ಅದರಲ್ಲಿ ಕರ್ನಾಟಕದ ನೂಲು ಬಿಚ್ಚೋ ಘಟಕಗಳೂ ಹುರಿ ಮಿಷನ್‌ಗಳೂ ಇದ್ದವು. ಅಪ್ಪ ಅಮ್ಮ ತಗೊಂಡ ಸಾಲಕ್ಕೆ ಮಕ್ಕಳ ದುಡಿಮೆ. ಕುದಿಯೋ ನೀರಿಗೆ ಕೈ ಹಾಕೋದು, ಮಿಷನ್ ಸಾಲಿನಲ್ಲಿ ದಿನವಿಡೀ ನಿಂತು ತುಂಡಾದ ಎಳೆಗೆ ಗಂಟು ಹಾಕೋದು. ಇದು ಖಾಸಗಿ ಸಣ್ಣ ಘಟಕಗಳ ಕಥೆ, ನಾನು ಹೇಳ್ತಿರೋ ಸರ್ಕಾರಿ ಕಾರ್ಖಾನೆಯದ್ದಲ್ಲ. ಆದ್ರೆ ನಮ್ಮ ರಾಜ್ಯದ ರೇಷ್ಮೆಯ ಇತಿಹಾಸ ಬರೆದ್ರೆ ಟಿಪ್ಪು, ಟಾಟಾ, ಮಹಾರಾಜರ ಜೊತೆ ಇದೂ ಬರಬೇಕು. ಸಾಮಾನ್ಯವಾಗಿ ಬರಲ್ಲ.

ಮುಂದಿನದು ಬೇಗ ಹೇಳಿ ಮುಗಿಸ್ತೀನಿ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಶತ್ರುಪಕ್ಷಕ್ಕೆ ಹೋದ ಮೇಲೆ ಪ್ಯಾರಾಚೂಟ್‌ಗೆ ರೇಷ್ಮೆ ಸಿಗದೆ ಬ್ರಿಟಿಷರ ಕಣ್ಣು ಮೈಸೂರಿನ ಮೇಲೆ ಬಿತ್ತು, ಬೇಡಿಕೆ ಏರಿತು. ಸ್ವಾತಂತ್ರ್ಯದ ನಂತರ ಕಾರ್ಖಾನೆ ರಾಜ್ಯದ ರೇಷ್ಮೆ ಇಲಾಖೆಗೆ, 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ, ಅಂದ್ರೆ ಕೆಎಸ್‌ಐಸಿಗೆ ಬಂತು. ಟಿ. ನರಸೀಪುರದಲ್ಲಿ ನೂಲು ಬಿಚ್ಚಿ, ಮೈಸೂರಿನ ಮಾನಂದವಾಡಿ ರಸ್ತೆಯ ಕಾರ್ಖಾನೆಯಲ್ಲಿ ನೇಯೋ ವ್ಯವಸ್ಥೆ. 'ಮೈಸೂರು ಸಿಲ್ಕ್' ಹೆಸರಿಗೆ 2005ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಶೋರೂಂ ಮುಂದೆ ಬೆಳಬೆಳಗ್ಗೆ ಹೆಂಗಸರು ಕ್ಯೂ ನಿಂತ ವಿಡಿಯೊಗಳು ನಿಮ್ಮ ಫೋನಿಗೂ ಬಂದಿರ್ತವೆ.

ಆ ಕ್ಯೂ ನೋಡಿದಾಗೆಲ್ಲ ನನಗೆ ಇನ್ನೊಂದು ಕ್ಯೂ ನೆನಪಾಗುತ್ತೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನ ಶೇ 30ರಿಂದ ಶೇ 5ಕ್ಕೆ ಇಳಿಸಿದ್ರು. ಚೀನಾ ನೂಲು ಅಗ್ಗ ಆಯ್ತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸೀತು, ರೈತರು ರಸ್ತೆಗಿಳಿದ್ರು. ನಮ್ಮ ಮಾವ, ಅಜ್ಜಿಯ ಹಿರೀ ಮಗ, ಆ ವರ್ಷ ಗೂಡಿನ ಮೂಟೆ ಹಾಕ್ಕೊಂಡು ಹೋಗಿ, ಹರಾಜಿಗೆ ಕಾದು ನಿಂತು, ಸಂಜೆ ಮನೆಗೆ ಬಂದು ಯಾರ ಜೊತೆಯೂ ಮಾತಾಡಲಿಲ್ಲ. ಗೂಡು ಅಂದ್ರೆ ಒಳ್ಳೆ ಬೆಲೆ ಬರೋ ತನಕ ಇಟ್ಕೊಳ್ಳೋಕೆ ರಾಗಿ ಅಲ್ಲ. ಒಳಗಿರೋದು ದಿನ ಎಣಿಸ್ತಾ ಇರುತ್ತೆ, ಹೆಚ್ಚು ಕಾದ್ರೆ ಚಿಟ್ಟೆ ಆಗಿ ಹೊರಗೆ ಬರುತ್ತೆ. ಕೊಟ್ಟಷ್ಟಕ್ಕೆ ಕೊಡಬೇಕು. 2013ರಲ್ಲಿ ಸುಂಕ ಮತ್ತೆ ಶೇ 15ಕ್ಕೆ ಏರಿತು. ಅಷ್ಟು ಹೊತ್ತಿಗೆ ಮಾವ ಹಿಪ್ಪುನೇರಳೆ ಕಿತ್ತು ಬಾಳೆ ಹಾಕಿಯಾಗಿತ್ತು. ಚಂದ್ರಿಕೆಗಳು ಇನ್ನೂ ಅಟ್ಟದ ಮೇಲಿವೆ. ಒಂದನ್ನ ಕೋಳಿಮರಿ ಮುಚ್ಚೋಕೆ ಬಳಸ್ತಾರೆ.

ಇಷ್ಟೆಲ್ಲ ಓದಿ ತಿಳ್ಕೊಂಡು ಅಜ್ಜಿ ಮುಂದೆ ಕೂತು ಒಪ್ಪಿಸಿದೆ. ಹುರಿ, ಅಂಟು, ತೊಟ್ಟಿ, ಎಲ್ಲ. ಅಜ್ಜಿ ಸೀರೆಯ ಸೆರಗನ್ನ ತೊಡೆ ಮೇಲೆ ಹರಡಿಕೊಂಡು ಕೇಳ್ತಿದ್ರು. ಈ ಸೀರೆ ಅವರು ತಗೊಂಡಿದ್ದು ಒಂದು ವರ್ಷ ಮೂರು ಬೆಳೆ ಸಾಲಾಗಿ ಕೈಹಿಡಿದಾಗ. ಜೀವನದಲ್ಲಿ ತಗೊಂಡ ಒಂದೇ ಒಂದು ಮೈಸೂರು ಸಿಲ್ಕ್. ನಾನು ಹೇಳಿ ಮುಗಿಸಿದ ಮೇಲೆ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರೆ ನಮ್ಮ ಮನೆ ಗೂಡು ಇದರೊಳಗೆ ಇರ್ಬೋದೇನೇ?"

ನಾನು ಓದಿದ್ದನ್ನೆಲ್ಲ ಮನಸ್ಸಲ್ಲೇ ತಿರುವಿ ಹಾಕಿದೆ. ಇರಬಹುದು. ಕಾರ್ಖಾನೆಗೆ ಗೂಡು ಬರೋದು ನಮ್ಮ ಮಾರುಕಟ್ಟೆಗಳಿಂದಲೇ. ಆದ್ರೆ ನೋಡಿ ಹೇಳೋಕೆ ಆಗಲ್ಲ. ಅಜ್ಜಿಯ ಮನೆಯಲ್ಲಿ ಬೆಳೀತಿದ್ದದ್ದು ಹಳದಿ ಗೂಡು, ಮಿಶ್ರತಳಿಯದು. ಆ ಹಳದಿ ಇರೋದು ಬಹುಪಾಲು ಹೊರಗಿನ ಅಂಟಿನಲ್ಲಿ. ಬೇಯಿಸಿದಾಗ ಅಂಟಿನ ಜೊತೆ ಅದೂ ಹೋಗಿಬಿಡುತ್ತೆ. ಹಾಗಂತ ಹೇಳಿದೆ.

"ಹೋಗ್ಲಿ ಬಿಡು" ಅಂದ್ರು ಅಜ್ಜಿ. ಆಮೇಲೆ ಸೆರಗನ್ನ ಒಳಗಡೆಗೆ ಮಡಚಿ, ಜರಿ ಕಪ್ಪಾಗದ ಹಾಗೆ ಮೇಲೊಂದು ಹಳೇ ಹತ್ತಿ ಪಂಚೆ ಸುತ್ತಿ, ಟ್ರಂಕಿನಲ್ಲಿ ಇಟ್ಟರು. ನಾನು ಫೋನ್ ತೆಗೆದು ಇನ್‌ಸ್ಟಾಗ್ರಾಂ ಪೋಸ್ಟ್ ಎಡಿಟ್ ಮಾಡಿದೆ. 'ಕೈಮಗ್ಗ' ಅಳಿಸಿ 'ಮೈಸೂರು ಫ್ಯಾಕ್ಟರಿ' ಅಂತ ಹಾಕಿದೆ. 'ಕೈಗಳಿಗೆ ನಮನ' ಅನ್ನೋದನ್ನ ಹಾಗೇ ಬಿಟ್ಟೆ, 'ನೇಕಾರರ' ಅನ್ನೋ ಪದ ಮಾತ್ರ ತೆಗೆದೆ.